ಆರು ತಿಂಗಳ ಚಿಗರಿ

ಮೂವತ್ತಾರು ವರ್ಷ ಶಾಲೆಯಲ್ಲಿ ಕೆಲಸ ಮಾಡಿದೆ. ಹಾಜರಿ ಪುಸ್ತಕ, ವರ್ಗಾವಣೆ ಪತ್ರ, ಜನಗಣತಿಯ ಹಾಳೆ, ಮತದಾರರ ಪಟ್ಟಿ, ಹಳ್ಳಿಯವರ ಅರ್ಜಿಗಳು, ಎಲ್ಲವನ್ನೂ ಬರೆದಿದ್ದೇನೆ. ತಪ್ಪಿದೆ ಎಂದು ಯಾರೂ ವಾಪಸ್ಸು ಕಳಿಸಿದ ನೆನಪಿಲ್ಲ. ಅದರಲ್ಲಿ ಒಂದು ಹಾಳೆ ಮಾತ್ರ, ಒಂದಕ್ಷರವೂ ತಪ್ಪಿಲ್ಲದ ಹಾಳೆ, ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಎಪ್ಪತ್ತರ ದಶಕದ ಮೊದಲ ಭಾಗ ಅದು. ಹೊಳಲ್ಕೆರೆ ತಾಲ್ಲೂಕಿನಲ್ಲಿ, ರಾಮಗಿರಿಯಿಂದ ನಾಲ್ಕು ಮೈಲಿ ಒಳಗಿನ ಹಳ್ಳಿಯ ಪ್ರೈಮರಿ ಶಾಲೆಗೆ ನನ್ನ ಮೊದಲ ನೇಮಕವಾಗಿತ್ತು. ನನಗೆ ಇಪ್ಪತ್ಮೂರು ವರ್ಷ. ಒಂಟಿ ಹೆಣ್ಣುಮಗಳನ್ನು ಹೇಗೆ ಬಿಡುವುದೆಂದು ಅಮ್ಮನೂ ಜೊತೆಗೆ ಬಂದಿದ್ದಳು. ನಾನು ಚಿತ್ರದುರ್ಗದ ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ಬೆಳಗ್ಗೆ ಐದಕ್ಕೆ ಗಂಟೆ. ಐದೂಕಾಲಿಗೆ ಹಾಸಿಗೆ ಮಡಿಸಿಟ್ಟಿರಬೇಕು, ಮಡಿಕೆಯ ಅಂಚು ಗೋಡೆಯ ಕಡೆಗಿರಬೇಕು. ಬರೆಯುವಾಗ ಹೊಡೆದುಹಾಕಿದ ಪ್ರತಿ ಅಕ್ಷರಕ್ಕೂ ಆ ಪುಟವನ್ನು ಮತ್ತೊಮ್ಮೆ ಬರೆಯಬೇಕು. ಎಂಟು ವರ್ಷ ಹಾಗೆ ಬದುಕಿದ ಮೇಲೆ ಅದು ಶಿಸ್ತು ಅನ್ನಿಸುವುದಿಲ್ಲ, ಮೈಯೇ ಹಾಗಾಗಿರುತ್ತದೆ.

ಒಂದು ಶನಿವಾರ, ಬೆಳಗಿನ ಶಾಲೆ ಬಿಡುವ ಹೊತ್ತಿಗೆ, ಅರಣ್ಯ ಇಲಾಖೆಯ ಗಾರ್ಡು ಸೈಕಲ್ಲಿನಲ್ಲಿ ಬಂದ. ಅವನ ಹಿಂದೆಯೇ ತಳವಾರ ತಮಟೆ ಹಿಡಿದು ಬಂದ. ಕಾಡುಪ್ರಾಣಿಗಳ ಬಗ್ಗೆ ಹೊಸ ಕಾನೂನು ಬಂದಿದೆ, ಮನೆಯಲ್ಲಿ ಯಾರಾದರೂ ಅಂಥವನ್ನು ಸಾಕಿದ್ದರೆ, ಚರ್ಮ ಕೊಂಬು ಏನಾದರೂ ಇಟ್ಟುಕೊಂಡಿದ್ದರೆ, ನಾಲ್ಕು ದಿನದೊಳಗೆ ಬರೆಸಬೇಕು ಎಂದು ಸಾರಿದರು. ಕಾನೂನು ಜಾರಿಯಾಗಿ ಆಗಲೇ ಮುಕ್ಕಾಲು ವರ್ಷವಾಗಿತ್ತು. ಫಾರಂಗಳು ನಮ್ಮ ಕಡೆಗೆ ಬರುವುದು ತಡವಾದ್ದರಿಂದ ಮೇಲಿನವರು ಇಷ್ಟು ದಿನ ಬಿಟ್ಟುಕೊಟ್ಟಿದ್ದಾರೆ ಎಂದು ಗಾರ್ಡು ಹೇಳಿದ. ಫಾರಂನ ತಲೆಯ ಮೇಲೆ ರಾಜ್ಯದ ಹಳೆಯ ಹೆಸರೇ ಇತ್ತು. ಅದನ್ನು ಹೊಡೆದು ಕರ್ನಾಟಕ ಎಂದು ಬರೆದುಕೊಳ್ಳಿ ಎಂದ. ಹೊಡೆಯುವ ಆ ಕೆಲಸವನ್ನು ಮಾತ್ರ ಅವನ ಕೈಯಲ್ಲೇ ಮಾಡಿಸಿದೆ.

ಹಳ್ಳಿಯಲ್ಲಿ ಬರೆಯಬಲ್ಲವರು ಬೇರೆ ಇಲ್ಲವೆಂದಲ್ಲ. ಆದರೆ ಸರ್ಕಾರಿ ಕಾಗದಕ್ಕೆ ಸರ್ಕಾರದ ಸಂಬಳದವರೇ ಆಗಬೇಕೆಂದು ಎಲ್ಲರಿಗೂ ಅನ್ನಿಸಿತು. ಸಂಜೆ ಐದರಿಂದ ಆರರವರೆಗೆ ಶಾಲೆಯ ಜಗುಲಿಯ ಮೇಲೆ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡೆ. ಹೇಳಿದ್ದನ್ನು ಹೇಳಿದಂತೆ ಬರೆಯುವುದು, ಒಮ್ಮೆ ಓದಿ ಹೇಳುವುದು, ಹೆಬ್ಬೆಟ್ಟು ಒತ್ತಿಸುವುದು. ಗಾರ್ಡು ಪಕ್ಕದ ಬೆಂಚಿನ ಮೇಲೆ ಕುಳಿತಿರುತ್ತಿದ್ದ.

ಮೊದಲ ಎರಡು ದಿನ ಜನಕ್ಕೆ ಅದೊಂದು ತಮಾಷೆ. ಗಿಳಿ ಪಂಜರ ಹೊತ್ತು ಬಂದವರನ್ನೂ, ಬುಟ್ಟಿಯಲ್ಲಿ ಕೌಜುಗ ತಂದವರನ್ನೂ ಗಾರ್ಡು ಇದಕ್ಕೆ ಈಗ ಬೇಡ ಎಂದು ವಾಪಸ್ಸು ಕಳಿಸಿದ. ನವಿಲಿಗೆ ಬೇಕು, ಚಿಗರಿಗೆ ಬೇಕು. ಪೂಜಾರಪ್ಪನವರು ತಾವು ಜಪಕ್ಕೆ ಕೂರುವ ಜಿಂಕೆ ಚರ್ಮವನ್ನು ಮಡಿಸಿ ತಂದು, ಇದು ತಾತನ ಕಾಲದ್ದು, ಇದರ ಮೇಲೆ ಕೂತಿರುವಾಗಲೇ ಹಿಡಿದುಕೊಂಡು ಹೋಗುತ್ತಾರೋ, ಎದ್ದ ಮೇಲೋ ಎಂದು ಕೇಳಿದರು. ಅವರ ಮುಖದಲ್ಲಿ ನಗು ಇರಲಿಲ್ಲ. ಸಾಲಿನಲ್ಲಿ ಹಿಂದೆ ನಿಂತಿದ್ದ ಒಬ್ಬ ದನಿ ಎತ್ತಿದ.

"ಗಾರ್ಡಪ್ಪ, ನಮ್ಮತ್ತೆನ್ನ ಯಾವ ಕಾಲಂಗೆ ಬರಸ್ಬೇಕು?"

"ನಿಮ್ಮತ್ತೆ ಮನ್ಯಾಗೆ ತಿಂದುಂಡು ಬಿದ್ದಿರೋನು ನೀನು," ಎಂದ ಗಾರ್ಡು. "ಆಯಮ್ಮ ಬಂದು ನಿನ್ನ ಬರಸ್ಲಿ."

ಜಗುಲಿಯೆಲ್ಲ ನಕ್ಕಿತು. ನಾನೂ ನಕ್ಕಿರಬೇಕು.

ಮೂರನೆಯ ದಿನ ಐದೂಮುಕ್ಕಾಲು ದಾಟಿದ ಮೇಲೆ ದೊಡ್ಡವ್ವ ಬಂದರು. ಹಳ್ಳಿಯ ಪಡುವಣಕ್ಕೆ ಒಂದು ಮೈಲಿ ದೂರದಲ್ಲಿ, ಮುಳ್ಳು ಬೇಲಿಯೊಳಗೆ, ಕುರಿ ಸಾಕುವವರ ಹಟ್ಟಿಯೊಂದಿತ್ತು. ಅಲ್ಲಿನ ಹಿರಿಯ ಹೆಂಗಸು ಅವರು. ಐವತ್ತೈದರ ಆಸುಪಾಸು, ತೆಳ್ಳಗೆ, ನೆಟ್ಟಗೆ. ಹಳ್ಳಿಯವರೆಲ್ಲ ದೊಡ್ಡವ್ವ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಹಿಂದೆ ಹತ್ತಿಪ್ಪತ್ತು ಕುರಿ. ಕುರಿಗಳ ನಡುವೆ ಒಂದು ಹೆಣ್ಣು ಚಿಗರಿ.

ಚಿಗರಿಯನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಪುಸ್ತಕದ ಚಿತ್ರದಲ್ಲಿ ಕೃಷ್ಣಮೃಗ ಎಂಬ ಹೆಸರಿನಲ್ಲಿ ಕಂಡದ್ದೆಲ್ಲ ಕೊಂಬಿನ ಗಂಡು. ಇದಕ್ಕೆ ಕೊಂಬಿಲ್ಲ, ಕುರಿಗಿಂತ ಒಂದು ಗೇಣು ಎತ್ತರ, ಒಣಗಿದ ರಾಗಿ ಹುಲ್ಲಿನ ಬಣ್ಣ, ಹೊಟ್ಟೆಯಡಿ ಬಿಳುಪು. ಹಟ್ಟಿಯವರು ತಮ್ಮ ಕುರಿಗಳಿಗೆಲ್ಲ ಗುರುತಿಗಾಗಿ ಎಡಗಿವಿಯ ತುದಿಯನ್ನು ಚೂರು ಕತ್ತರಿಸುತ್ತಾರೆ. ಇದರ ಎಡಗಿವಿಗೂ ಹಾಗೇ ಮಾಡಿದ್ದರು. ಕುರಿಗಳು ಶಾಲೆಯ ಅಂಗಳದ ಕಸ ಮೂಸುತ್ತಿದ್ದರೆ ಇದು ಮಾತ್ರ ತಲೆಯೆತ್ತಿ, ಗಾಳಿ ಬರುವ ಕಡೆಗೆ ಮುಖ ಮಾಡಿ ನಿಂತಿತ್ತು.

ಪ್ರಾಣಿ ಯಾವುದು, ಗಂಡೋ ಹೆಣ್ಣೋ, ಹೇಗೆ ಸಿಕ್ಕಿತು ಎಂದು ಒಂದೊಂದಾಗಿ ಕೇಳಿದೆ. ತಾಯಿ ಸತ್ತಿತ್ತು, ಹೊಲದಾಗೆ ಬಿದ್ದಿತ್ತು, ಎತ್ತಿಕೊಂಡು ಬಂದೆ ಎಂದರು. ಬರೆದೆ. ವಯಸ್ಸು ಎಷ್ಟು ಎಂದೆ.

"ಇನ್ನೂ ಹಾಲ್ಗುಡಿ ಮರಿ ಟೀಚರಮ್ಮ. ಆರು ತಿಂಗಳು ಅಂತ ಬರ್ಕಳ್ರಿ."

ಯೋಚಿಸದೆ, ಬಾಯಿಪಾಠ ಒಪ್ಪಿಸುವಂತೆ ಬಂದ ಉತ್ತರ. ಬರೆದೆ. ಬರೆದ ಕೈಯಲ್ಲೇ ನನಗೆ ಗೊತ್ತಾಯಿತು. ಫಾರಂನ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಅಚ್ಚಾಗಿತ್ತು. ಕಾನೂನು ಜಾರಿಗೆ ಬರುವ ಮೊದಲೇ ಹತ್ತಿರವಿದ್ದ ಪ್ರಾಣಿಗಳಿಗೆ ಮಾತ್ರ ಇಟ್ಟುಕೊಳ್ಳುವ ಪತ್ರ ಕೊಡಲಾಗುವುದು ಎಂದು. ಮೊದಲ ದಿನವೇ ಅದನ್ನು ಎರಡು ಸಲ ಓದಿದ್ದೆ. ಜಾರಿಯಾಗಿ ಮುಕ್ಕಾಲು ವರ್ಷ, ಇದು ಹುಟ್ಟಿ ಆರು ತಿಂಗಳು. ಕೂಡಿ ಕಳೆಯಲು ಬೆರಳು ಬೇಕಾಗಿರಲಿಲ್ಲ. ದೊಡ್ಡವ್ವ, ಇದು ಸರಿಯಾ, ಇನ್ನೊಮ್ಮೆ ನೆನಪು ಮಾಡಿಕೊಳ್ಳಿ ಎಂದು ಕೇಳಬಹುದಿತ್ತು. ಗಡಿಯಾರದಲ್ಲಿ ಆರಕ್ಕೆ ಎರಡು ನಿಮಿಷವಿತ್ತು. ಬರೆಯುವುದು ನನ್ನ ಕೆಲಸ, ನೋಡುವುದು ಕಚೇರಿಯವರ ಕೆಲಸ ಎಂದುಕೊಂಡೆ. ಓದಿ ಹೇಳಿದೆ. ಅವರು ಹೆಬ್ಬೆಟ್ಟು ಒತ್ತಿದರು. ಆರು ಗಂಟೆಗೆ ಸರಿಯಾಗಿ ಮಸಿ ಬಾಟಲಿಯ ಮುಚ್ಚಳ ಹಾಕಿದೆ.

ಒಂದೂವರೆ ತಿಂಗಳು ಕಳೆಯಿತು. ಪೂಜಾರಪ್ಪನವರ ಚರ್ಮಕ್ಕೆ ಪತ್ರ ಬಂತು, ನವಿಲಿನ ಮನೆಯವರಿಗೂ ಬಂತು. ದೊಡ್ಡವ್ವನಿಗೆ ಬಂದದ್ದು ನೋಟೀಸು. ಅವರು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಮನೆಗೇ ಬಂದರು. ಬಾಗಿಲಲ್ಲೇ ಓದಿದೆ. ಕಾನೂನು ಜಾರಿಯಾದ ಮೇಲೆ ಕಾಡುಪ್ರಾಣಿಯನ್ನು ಹಿಡಿದು ತಂದಿರುವುದಾಗಿ ತಾವೇ ಒಪ್ಪಿ ಹೆಬ್ಬೆಟ್ಟು ಒತ್ತಿದ್ದೀರಿ, ಪ್ರಾಣಿಯ ಸಮೇತ ಹೊಳಲ್ಕೆರೆಯ ಕಚೇರಿಗೆ ಗುರುವಾರ ಹಾಜರಾಗಬೇಕು, ತಪ್ಪಿದರೆ ಮೊಕದ್ದಮೆ ಹೂಡಲಾಗುವುದು ಎಂದಿತ್ತು. ಚಿಗರಿ ಸರ್ಕಾರದ್ದಾಗುತ್ತದೆ ದೊಡ್ಡವ್ವ, ಜೈಲಿಗೂ ಹಾಕಬಹುದು ಎಂದೆ.

ಅವರು ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು.

"ಅದು ಗಾರ್ಡಿಗೆ ಹೇಳೋ ವಯಸ್ಸು ಟೀಚರಮ್ಮ. ಅದರ ವಯಸ್ಸು ಬ್ಯಾರೆ."

ಬಿಡಿಸಿ ಹೇಳಿದರು. ಹಟ್ಟಿಯವರು ಕುರಿ ಮೇಯಿಸುವುದು ಇಲಾಖೆಯ ಕುರುಚಲು ಕಾಡಿನಲ್ಲಿ. ಅದಕ್ಕೆ ಇಷ್ಟೇ ತಲೆ ಎಂದು ಪರ್ಮಿಟ್ಟು. ಹಾಲು ಕುಡಿಯುವ ಮರಿ ಆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಗಾರ್ಡಿನ ಎದುರು ಯಾರು ಯಾವ ಮರಿಯ ವಯಸ್ಸು ಕೇಳಿದರೂ ಹಟ್ಟಿಯವರ ಬಾಯಲ್ಲಿ ಒಂದೇ ಮಾತು: ಹಾಲ್ಗುಡಿ, ಆರು ತಿಂಗಳು. ಅವರ ಅತ್ತೆಯೂ ಹಾಗೇ ಹೇಳುತ್ತಿದ್ದರು. ಸುಳ್ಳು ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ಬೆಂಚಿನ ಮೇಲೆ ಕುಳಿತ ಖಾಕಿ ಕಂಡಿತು, ವಯಸ್ಸು ಕೇಳಿದ್ದು ಕಿವಿಗೆ ಬಿತ್ತು, ಉತ್ತರ ಹೊರಗೆ ಬಂತು.

ಚಿಗರಿ ಸಿಕ್ಕಿ ಮೂರು ವರ್ಷವಾಗಿತ್ತು. ಅವರ ಕಿರೀಮಗಳ ಮದುವೆಯ ವರ್ಷ. ಪೇಟೆಯ ಕಡೆಯಿಂದ ಜೀಪಿನಲ್ಲಿ ಬೇಟೆಗೆ ಬಂದವರು ತಾಯಿಯನ್ನು ಹೊಡೆದು ಹೊತ್ತುಕೊಂಡು ಹೋದ ಮೇಲೆ, ಬೆಳಗ್ಗೆ ಕುರಿ ಬಿಟ್ಟುಕೊಂಡು ಹೋದ ದೊಡ್ಡವ್ವನಿಗೆ ಹೊಲದಂಚಿನ ತಂಗಡಿ ಗಿಡದ ಬುಡದಲ್ಲಿ ಹೊಕ್ಕುಳ ಇನ್ನೂ ಒಣಗದ ಮರಿ ಕಂಡಿತು. ಅದೇ ವಾರ ಒಂದು ಕುರಿಯ ಮರಿ ಸತ್ತಿತ್ತು. ಸತ್ತ ಮರಿಯ ಚರ್ಮ ಸುಲಿದು ಅಂಗಿ ತೊಡಿಸಿದ ಹಾಗೆ ಇದಕ್ಕೆ ಕಟ್ಟಿ ಕುರಿಯ ಮುಂದೆ ಬಿಟ್ಟರಂತೆ. ತಾಯಿ ಇಲ್ಲದ ಕುರಿಮರಿಗಳಿಗೂ ಹಟ್ಟಿಯಲ್ಲಿ ಹೀಗೇ ಮಾಡುತ್ತಾರೆ. ಕುರಿ ಮೂಸಿ ನೋಡಿ ಮೊಲೆಗೆ ಬಿಟ್ಟುಕೊಂಡಿತು. ಎಂಟನೇ ದಿನಕ್ಕೆ ಚರ್ಮ ಬಿಚ್ಚಿದರು. ಅಷ್ಟರಲ್ಲಿ ಕುರಿಗೂ ಮರಿಗೂ ಒಗ್ಗಿಹೋಗಿತ್ತು.

ಅದನ್ನು ಯಾರೂ ಮುದ್ದಿಗೆ ಸಾಕಿರಲಿಲ್ಲ. ಮಂದೆಯಲ್ಲಿ ಅದಕ್ಕೆ ಕೆಲಸವಿತ್ತು. ನಾಯಿಗೆ ತೋಳದ ವಾಸನೆ ಸಿಗುವ ಮೊದಲೇ ಇದಕ್ಕೆ ಸಿಗುತ್ತಿತ್ತು. ಮುಂಗಾಲು ನೆಲಕ್ಕೆ ಬಡಿದು ನಿಲ್ಲುತ್ತಿತ್ತು, ಕುರಿಗಳು ಗುಂಪಾಗುತ್ತಿದ್ದವು. ಅದು ಬಂದ ಮೇಲೆ ಮಂದೆಯಿಂದ ತೋಳ ಒಂದು ಮರಿಯನ್ನೂ ಒಯ್ದಿರಲಿಲ್ಲ ಎಂದರು ದೊಡ್ಡವ್ವ.

ಹಲ್ಲು ತೋರಿಸಿದರೆ ಸಾಕು, ವಯಸ್ಸು ತಿಳಿಯುತ್ತದೆ ಎಂಬುದು ಅವರ ಧೈರ್ಯ. ಕುರಿ ಸಾಕುವವರಿಗೆ ಹಲ್ಲೇ ಜಾತಕ. ಎದ್ದು ಹೊರಡುವಾಗ ಮಾತ್ರ ನನ್ನ ಕೈ ಹಿಡಿದುಕೊಂಡರು.

"ನಮ್ಮ ಮರಿಗಳ ಸುದ್ದಿ ಅಲ್ಲಿ ಎತ್ತಬ್ಯಾಡ್ರಿ. ಎತ್ತಿದ್ರೆ ಇಡೀ ಹಟ್ಟಿ ಪರ್ಮಿಟ್ಟು ಹೋಗ್ತೈತೆ. ಚಿಗರಿ ಒಂದು ನಂದು. ಮಂದೆ ಹದಿನೆಂಟು ಮನೇದು."

ಎತ್ತುವುದಿಲ್ಲ ಎಂದು ಮಾತು ಕೊಟ್ಟೆ.

ಗುರುವಾರ ಅರ್ಧ ದಿನ ರಜೆ ಹಾಕಿ ಬಸ್ಸಿನಲ್ಲಿ ಹೊಳಲ್ಕೆರೆಗೆ ಹೋದೆ. ದೊಡ್ಡವ್ವ ನಸುಕಿನಲ್ಲೇ ನಡೆದು ಹೊರಟಿದ್ದರು. ಚಿಗರಿ ಒಂಟಿಯಾಗಿ ನಡೆಯುವುದಿಲ್ಲವೆಂದು ಜೊತೆಗೆ ಎರಡು ಕುರಿ. ನಾನು ತಲುಪಿದಾಗ ಕಚೇರಿಯ ಬೇವಿನ ಮರದಡಿ ಮೂರನ್ನೂ ನಿಲ್ಲಿಸಿಕೊಂಡು ಕುಳಿತಿದ್ದರು. ಜನ ಸುತ್ತ ಸೇರಿದ್ದರು. ಚಿಗರಿ ಎರಡು ಕುರಿಗಳ ನಡುವೆ ಒತ್ತಿಕೊಂಡು ನಿಂತಿತ್ತು.

ಅಧಿಕಾರಿ ಎಳೆಯ ವಯಸ್ಸಿನವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕೆಟ್ಟವರಲ್ಲ. ದೊಡ್ಡವ್ವನಿಗೂ ಕುರ್ಚಿ ಹಾಕಿಸಿದರು. ಅವರು ಕೂರದೆ ಗೋಡೆಗೆ ಒರಗಿ ನಿಂತರು. ಅಧಿಕಾರಿ, ಹಿರಿಯೂರಿನ ಬಯಲುಗಳಲ್ಲಿ ತಾವು ಹುಡುಗರಾಗಿದ್ದಾಗ ಬಸ್ಸಿನ ಕಿಟಕಿಯಿಂದ ಚಿಗರಿ ಹಿಂಡು ಕಾಣುತ್ತಿತ್ತು, ಈಗ ಒಂದೂ ಕಾಣುವುದಿಲ್ಲ ಎಂದು ನನಗೆ ಹೇಳಿದರು. ಜೀಪಿನವರು ಹೊಡೆದರು, ಊರವರು ಮರಿ ಹಿಡಿದು ಸಾಕಿದರು, ಮಾರಿದರು. ಸಾಕಿದೆವು ಎಂದವರಿಗೆಲ್ಲ ಪತ್ರ ಕೊಡುತ್ತಾ ಹೋದರೆ ನಾಳೆ ಎಲ್ಲರೂ ಹಿಡಿದು ತಂದು ಸಾಕಿದೆವು ಎನ್ನುತ್ತಾರೆ. ಅವರ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ಇವತ್ತಿಗೂ ಕಾಣುವುದಿಲ್ಲ.

ದೊಡ್ಡವ್ವ ಹಲ್ಲಿನ ಮಾತೆತ್ತಿದರು. ಹೊರಗೆ ಹೋಗಿ ಚಿಗರಿಯ ತುಟಿ ಬಿಡಿಸಿ ತೋರಿಸಿದರು. ಹಾಲುಹಲ್ಲು ಬಿದ್ದಿದ್ದವು, ದೊಡ್ಡ ಹಲ್ಲು ಸಾಲಾಗಿ ಬಂದಿದ್ದವು. ಅಧಿಕಾರಿ ಬಗ್ಗಿ ನೋಡಿದರು. ಒಳಗೆ ಬಂದು ಕುಳಿತು, ಸರಿ, ಮೂರು ವರ್ಷ ಎಂದೇ ಇಟ್ಟುಕೊಳ್ಳೋಣ, ಹಾಗಾದರೆ ಅವತ್ತು ಆರು ತಿಂಗಳು ಎಂದು ಯಾಕೆ ಹೇಳಿದಿರಿ ಎಂದು ಕೇಳಿದರು.

ಆ ಪ್ರಶ್ನೆಗೆ ಒಂದೇ ಒಂದು ನಿಜವಾದ ಉತ್ತರವಿತ್ತು. ಅದನ್ನು ಹೇಳಿದರೆ ಹದಿನೆಂಟು ಮನೆಯ ಮರಿಗಳ ಹಲ್ಲು ಎಣಿಸಲು ನಾಳೆಯೇ ಜನ ಬರುತ್ತಿದ್ದರು. ಗಾರ್ಡು ಅಲ್ಲೇ ನಿಂತಿದ್ದ. ಅವನಿಗೆ ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ. ಅವನು ಕಿಟಕಿಯ ಕಡೆ ನೋಡುತ್ತಿದ್ದ. ದೊಡ್ಡವ್ವ ನೆಲ ನೋಡುತ್ತಿದ್ದರು.

ಅಧಿಕಾರಿ ಫಾರಂ ಅನ್ನು ಇನ್ನೊಮ್ಮೆ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಟೀಚರ್, ಬರೆಯುವಾಗ ನಿಮಗೆ ಕೇಳಿಸಿದ್ದರಲ್ಲಿ ಏನಾದರೂ ವ್ಯತ್ಯಾಸ ಆಯಿತೇ? ಆಗಿದ್ದರೆ ಎರಡು ಸಾಲು ಬರೆದುಕೊಡಿ. ಇದನ್ನು ತೆಗೆದುಹಾಕಿ ಬೇರೆ ಫಾರಂ ತೆಗೆದುಕೊಳ್ಳುತ್ತೇನೆ."

ಒಂದು ಬಿಳಿ ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಪೆನ್ನಿನ ಕ್ಯಾಪು ತೆಗೆದು ಅದರ ಮೇಲಿಟ್ಟರು.

ಅವರಿಗೆ ಎಲ್ಲ ಅರ್ಥವಾಗಿತ್ತು ಎಂದು ಈಗ ಅನ್ನಿಸುತ್ತದೆ. ಅವರು ಕೇಳಿದ್ದು ಪ್ರಶ್ನೆಯಲ್ಲ, ತೆರೆದಿಟ್ಟ ಬಾಗಿಲು. ಮೂರು ವರ್ಷ ಎಂದದ್ದು ಆರು ತಿಂಗಳು ಎಂದು ಕೇಳಿಸಿತು, ನನ್ನಿಂದಲೇ ತಪ್ಪಾಗಿದೆ, ಇಷ್ಟು ಬರೆದರೆ ಮುಗಿಯುತ್ತಿತ್ತು. ನನ್ನ ನೇಮಕ ಇನ್ನೂ ಖಾಯಂ ಆಗಿರಲಿಲ್ಲ. ಆ ಹಾಳೆ ನಮ್ಮ ಇಲಾಖೆಗೂ ಹೋದರೆ ಎಂದು ಒಂದು ಕ್ಷಣ ಭಯವಾದದ್ದು ನಿಜ. ಆದರೆ ಭಯವನ್ನು ಮುಂದಿಟ್ಟು ತಪ್ಪಿಸಿಕೊಳ್ಳಲಾರೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ನಾನು ತಪ್ಪು ಬರೆದಿರಲಿಲ್ಲ. ತಪ್ಪು ಬರೆದೆ ಎಂದು ನನ್ನ ಕೈಯಿಂದಲೇ ಬರೆಯುವುದು ನನ್ನಿಂದ ಆಗಲಿಲ್ಲ.

"ಅವರು ಹೇಳಿದ್ದನ್ನೇ ಬರೆದಿದ್ದೇನೆ ಸರ್," ಎಂದೆ.

ದೊಡ್ಡವ್ವ ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿನ ನೋಟವಲ್ಲ. ಇದು ಯಾರ ಮಂದೆಯ ಕುರಿ ಎಂದು ಕಿವಿ ನೋಡಿ ಗುರುತು ಹಿಡಿಯುವಾಗ ನೋಡುತ್ತಾರಲ್ಲ, ಹಾಗೆ. ಆಮೇಲೆ ಅಧಿಕಾರಿಯ ಕಡೆ ತಿರುಗಿ, ಹೂಂ ಸ್ವಾಮಿ, ನಾನೇ ಹೇಳಿದ್ದು, ಆರು ತಿಂಗಳೇ ಎಂದರು. ಮಂದೆಯನ್ನು ಉಳಿಸಿಕೊಂಡು ಚಿಗರಿಯನ್ನು ಬಿಟ್ಟುಕೊಟ್ಟರು.

ಮೊಕದ್ದಮೆ ಹಾಕಲಿಲ್ಲ. ತಾವೇ ಬಂದು ಬರೆಸಿದ್ದರಿಂದ ಎಚ್ಚರಿಕೆ ಕೊಟ್ಟು ಬಿಡಲಾಗಿದೆ ಎಂದು ಅಧಿಕಾರಿ ಬರೆದುಕೊಂಡರು. ದೊಡ್ಡವ್ವ ಮತ್ತೆ ಹೆಬ್ಬೆಟ್ಟು ಒತ್ತಿದರು. ಚಿಗರಿಯನ್ನು ಕಚೇರಿಯ ಹಿಂದಿನ ಕೊಟ್ಟಿಗೆಯಲ್ಲಿ ಕಟ್ಟಿದರು. ಎರಡು ಕುರಿಗಳನ್ನು ಹೊರಡಿಸಿದಾಗ ಅವು ಮುಂದಕ್ಕೆ ಹೋಗದೆ ಹಿಂದೆ ತಿರುಗಿ ಕೂಗತೊಡಗಿದವು. ದೊಡ್ಡವ್ವ ಅವುಗಳ ಕೊರಳಿಗೆ ಹಗ್ಗ ಹಾಕಿ ಎಳೆದುಕೊಂಡು ರಸ್ತೆಗೆ ಬಂದರು. ನಾನು ಪಕ್ಕದಲ್ಲಿ ನಡೆಯುತ್ತಾ ಏನೋ ಹೇಳಲು ಹೊರಟೆ. ನಿಮ್ಮ ಬಸ್ಸು ಹೊಂಟೈತೆ, ಹೋಗ್ರಿ ಎಂದರು.

ಮನೆಗೆ ಬಂದು ನಡೆದದ್ದನ್ನೆಲ್ಲ ಅಮ್ಮನಿಗೆ ಹೇಳಿದೆ. ನಾನು ಸುಳ್ಳು ಬರೆಯಲಿಲ್ಲ ಎಂಬುದನ್ನು ಎರಡು ಸಲ ಹೇಳಿದೆನೆಂದು ಕಾಣುತ್ತದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣು ತೆಗೆಯಲಿಲ್ಲ.

"ನಿನ್ನ ಕೈಬರಹ ಉಳೀತಲ್ಲ, ಬಿಡು."

ಹನ್ನೆರಡು ದಿನ ನನ್ನ ಗಂಟೆಗಳು ಎಂದಿನಂತೆ ನಡೆದವು. ಐದಕ್ಕೆ ಏಳುವುದು, ಹತ್ತಕ್ಕೆ ಪ್ರಾರ್ಥನೆ, ಐದಕ್ಕೆ ಬೀಗ. ಹದಿಮೂರನೆಯ ದಿನ ಮತ್ತೆ ಅರ್ಧ ರಜೆ ಹಾಕಿ ಹೊಳಲ್ಕೆರೆಗೆ ಹೋದೆ. ಅವತ್ತು ಕೊಟ್ಟ ಹಾಳೆಯ ಮೇಲೆ ಬರೆದುಕೊಡುತ್ತೇನೆ ಎಂದು ಅಧಿಕಾರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಫೈಲು ಚಿತ್ರದುರ್ಗಕ್ಕೆ ಹೋಗಿದೆ, ಪ್ರಾಣಿಯೂ ಹೋಗಿದೆ, ಸರ್ಕಾರದ ಹೆಸರಿಗೆ ದಾಖಲಾದ ಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ ಟೀಚರ್ ಎಂದರು. ಚಹಾ ತರಿಸುತ್ತೇನೆ ಎಂದರು. ಬೇಡ ಎಂದು ಎದ್ದು ಬಂದೆ.

ಹಟ್ಟಿಯವರು ನನ್ನೊಡನೆ ಮಾತು ಬಿಡಲಿಲ್ಲ. ದಾರಿಯಲ್ಲಿ ಸಿಕ್ಕರೆ ಚೆನ್ನಾಗಿದ್ದೀರಾ ಎನ್ನುತ್ತಿದ್ದರು. ಕಾಗದ ಬರೆಸಲು ಮಾತ್ರ ಯಾರೂ ಬರಲಿಲ್ಲ. ಮಗ ಮಿಲಿಟರಿಯಲ್ಲಿದ್ದ ಮನೆಯವರು ಪ್ರತಿ ತಿಂಗಳು ನನ್ನಿಂದ ಬರೆಸುತ್ತಿದ್ದವರು ರಾಮಗಿರಿಯ ಅಂಚೆಯವನ ಹತ್ತಿರ ಹೋಗತೊಡಗಿದರು. ಆ ಬೇಸಿಗೆ ತೋಳ ಮಂದೆಗೆ ಎರಡು ಸಲ ನುಗ್ಗಿ ಐದು ಕುರಿ ಎಳೆಯಿತು. ಇದನ್ನು ನನಗೆ ಹೇಳಿದವರು ದೊಡ್ಡವ್ವನ ಗಂಡ. ಮಾತು ಕಡಿಮೆಯ ಮನುಷ್ಯ. ಶಾಲೆಯ ಬಾವಿಯಲ್ಲಿ ನೀರು ಸೇದಿಕೊಳ್ಳಲು ಬಂದವರು, ಹೋದ ವಾರ ಐದು ಹೋದವು ಎಂದಷ್ಟೇ ಹೇಳಿ ಕೊಡ ಎತ್ತಿಕೊಂಡರು. ನನ್ನನ್ನು ದೂರುವುದಕ್ಕೆ ಹೇಳಿದ್ದಲ್ಲ. ಸುದ್ದಿ ಹೇಳಿದ್ದು. ದೂರಿದ್ದರೆ ಉತ್ತರ ಕೊಡಬಹುದಿತ್ತು.

ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಹಟ್ಟಿಯ ಮಂದೆ ಬಡಗಣಕ್ಕೆ ಹೊರಡುತ್ತದೆ. ಚಿತ್ರದುರ್ಗ ದಾಟಿ ಭರಮಸಾಗರದ ಕೆರೆಯಂಗಳದಲ್ಲಿ ಎರಡು ತಿಂಗಳು ಬೀಡು. ಆ ವರ್ಷ ಹೊರಡುವ ಮುಂಚೆ ದೊಡ್ಡವ್ವ ಶಾಲೆಗೆ ಬಂದರು. ಚಿಗರಿಯನ್ನು ಎಲ್ಲಿಟ್ಟಿದ್ದಾರೆ ಎಂದು ಕೇಳಿದರು. ನಾನು ಅಷ್ಟರಲ್ಲಿ ವಿಚಾರಿಸಿ ಇಟ್ಟುಕೊಂಡಿದ್ದೆ. ಚಿತ್ರದುರ್ಗದ ಹೊರಗೆ, ಇಲಾಖೆಯ ಸಸಿ ಬೆಳೆಸುವ ಜಾಗದ ಪಕ್ಕ, ತಂತಿ ಬೇಲಿಯೊಳಗೆ. ಜಾಗ ಗುರುತು ಹೇಳಿದೆ. ಭಾನುವಾರ ಬೆಳಗ್ಗೆ ನಾನೂ ಬರುತ್ತೇನೆ ಎಂದೆ. ಅವರು ಬನ್ನಿ ಎನ್ನಲಿಲ್ಲ, ಬ್ಯಾಡ ಎನ್ನಲಿಲ್ಲ.

ಭಾನುವಾರ ಹತ್ತು ಗಂಟೆಗೆ ನಾನು ಬೇಲಿಯ ಹತ್ತಿರ ನಿಂತಿದ್ದೆ. ಒಳಗೆ ಒಂದು ಮುದಿ ನವಿಲು, ಯಾವುದೋ ಬಂಗಲೆಯಿಂದ ತಂದ ಎರಡು ಚುಕ್ಕೆ ಜಿಂಕೆ. ಚಿಗರಿ ಅವುಗಳಿಂದ ದೂರ, ಮೂಲೆಯಲ್ಲಿ ನಿಂತಿತ್ತು. ಬೆನ್ನೆಲುಬು ಕಾಣುತ್ತಿತ್ತು. ತೊಟ್ಟಿಯಲ್ಲಿ ಹಸಿ ಹುಲ್ಲು ಹಾಗೇ ಇತ್ತು. ಹನ್ನೊಂದರ ಹೊತ್ತಿಗೆ ಮಂದೆಯ ಧೂಳು ಕಂಡಿತು. ಕುರಿಗಳ ಕೂಗು ಕೇಳಿದ್ದೇ ಚಿಗರಿ ಬೇಲಿಯ ಉದ್ದಕ್ಕೂ ಓಡತೊಡಗಿತು. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ.

ಮಂದೆ ನಿಲ್ಲಲಿಲ್ಲ. ದೊಡ್ಡವ್ವನ ಗಂಡ ಮುಂದೆ ನಡೆಸಿಕೊಂಡು ಹೋದರು. ದೊಡ್ಡವ್ವ ಒಬ್ಬರೇ ರಸ್ತೆ ಇಳಿದು ಬೇಲಿಗೆ ಬಂದರು. ಮಡಿಲಲ್ಲಿ ಹುರುಳಿ ಹೊಟ್ಟು ಕಟ್ಟಿಕೊಂಡಿದ್ದರು. ಚಿಗರಿ ಬಂದು ತಂತಿಗೆ ಮೂತಿ ಒತ್ತಿತು. ಅವರು ಮಡಿಲು ಬಿಚ್ಚಲು ಹೋದವರು ಬೇಲಿಗೆ ಹೊಡೆದಿದ್ದ ಹಲಗೆ ನೋಡಿ ಕೈ ತಡೆದರು. ಹಸಿರು ಹಲಗೆ, ಬಿಳಿ ಅಕ್ಷರದ ನಾಲ್ಕು ಸಾಲು.

"ಏನು ಬರ್ದವ್ರೆ ಟೀಚರಮ್ಮ?"

ಪ್ರಾಣಿಗಳಿಗೆ ಹೊರಗಿನವರು ಯಾವುದೇ ತಿನಿಸು ಕೊಡಕೂಡದು, ಕೊಟ್ಟವರು ಶಿಕ್ಷೆಗೆ ಗುರಿಯಾಗುತ್ತಾರೆ ಎಂದು ಬರೆದಿತ್ತು. ನಾನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿಕೊಂಡೆ.

"ಏನಿಲ್ಲ ದೊಡ್ಡವ್ವ. ಇಲಾಖೆ ಹೆಸರು."

"ಅಷ್ಟುದ್ದಕ್ಕೂ ಬರೀ ಹೆಸರಾ?"

"ಸರ್ಕಾರದ್ದು ಹೆಸರು ಉದ್ದ ಇರುತ್ತೆ."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕುಕ್ಕರುಗಾಲಲ್ಲಿ ಕುಳಿತು, ಹೊಟ್ಟನ್ನು ಬೊಗಸೆಗೆ ತೆಗೆದುಕೊಂಡು ತಂತಿಯ ಸಂದಿನಲ್ಲಿ ಹಿಡಿದರು. ಚಿಗರಿ ತಿನ್ನತೊಡಗಿತು. ಕಾವಲಿನವನು ಸಸಿಗಳ ಮಧ್ಯೆ ಎಲ್ಲೋ ಇದ್ದ. ನಾನು ಹಲಗೆಗೆ ಬೆನ್ನು ಮಾಡಿ ರಸ್ತೆ ನೋಡುತ್ತಾ ನಿಂತೆ. ಮಂದೆ ತಿರುವು ದಾಟುತ್ತಿತ್ತು. ಅವರ ಗಂಡ ಅ‌ಲ್ಲಿಂದಲೇ ಒಮ್ಮೆ ಕೂಗಿದರು. ದೊಡ್ಡವ್ವ ಏಳಲಿಲ್ಲ. ಮಡಿಲಿನ ಹೊಟ್ಟೆಲ್ಲ ಮುಗಿಯುವವರೆಗೆ ಕುಳಿತಿದ್ದರು. ನಾನೂ ಗಡಿಯಾರ ನೋಡಲಿಲ್ಲ.